ಘಟ್ಟ ಹತ್ತಿದವರು

ಗುಲಾಮಗಿರಿ ಅಳಿದ ಕಥೆ ಅಂದಕೂಡಲೇ ನಮಗೆ ಲಿಂಕನ್ ನೆನಪಾಗುತ್ತಾನೆ. ಧಾರವಾಡದಲ್ಲಿ ಹಳಿಯಾಳದ ಬಸ್ಸಿಗೆ ಕಾದು ನಿಂತ ಸಿದ್ದಿ ಅಜ್ಜಿ ನೆನಪಾಗುವುದಿಲ್ಲ.

ಪೋರ್ಚುಗೀಸರು ಆಫ್ರಿಕಾದಿಂದ ಹಡಗಿನಲ್ಲಿ ತಂದು ಗೋವೆಯಲ್ಲಿ ದುಡಿಸಿಕೊಂಡವರಲ್ಲಿ ಅನೇಕರು ಒಡೆಯರ ಕಣ್ಣು ತಪ್ಪಿಸಿ ಘಟ್ಟ ಹತ್ತಿದರು. ಹಳಿಯಾಳ, ಯಲ್ಲಾಪುರ, ಮುಂಡಗೋಡ, ಅಂಕೋಲೆಯ ಕಾಡು ಸೇರಿದರು. ಆ ಸಿದ್ದಿ ಅಜ್ಜಿ ಇವರ ವಂಶದವಳು. ಗೋವೆ ಇಲ್ಲಿಗೆ ಮುಗಿಯಿತು, ಇನ್ನು ಓಡುವುದು ಬೇಡ ಎಂದು ಆ ಕತ್ತಲ ಕಾಡಿನಲ್ಲಿ ಅವರಿಗೆ ಹೇಳಿದವರು ಯಾರು? ವಿಜಾಪುರದ ಆದಿಲ್‌ಶಾಹಿ ದರ್ಬಾರಿನಲ್ಲಿ ಮೆರೆದ, ಆಫ್ರಿಕಾ ಮೂಲದ ಹಬ್ಶಿ ಮಂತ್ರಿ ಇಖ್ಲಾಸ್ ಖಾನನನ್ನು ಚಿತ್ರಕಾರರು ಬರೆದಿಟ್ಟರು. ಕಾಡು ಸೇರಿದ ಇವರನ್ನು ಬರೆಯಲು ಯಾರೂ ಕೂರಲಿಲ್ಲ.

ಕಾನೂನು ಬಂದದ್ದು ಆಮೇಲೆ, ಅದೂ ಅರೆಮನಸ್ಸಿನಿಂದ. ಬ್ರಿಟಿಷ್ ಇಂಡಿಯಾದ 1843ರ ಗುಲಾಮಗಿರಿ ಕಾಯ್ದೆ ಓದಿದರೆ ಸೋಜಿಗವಾಗುತ್ತದೆ. ನೀವಿನ್ನು ಸ್ವತಂತ್ರರು ಎಂಬ ಮಾತೇ ಅದರಲ್ಲಿಲ್ಲ. ಮನುಷ್ಯನ ಮೇಲೆ ಯಾರಾದರೂ ಒಡೆತನದ ಹಕ್ಕು ಹೇಳಿಕೊಂಡು ಬಂದರೆ ಕೋರ್ಟು ಅದನ್ನು ಮಾನ್ಯ ಮಾಡುವುದಿಲ್ಲ, ಮುಖ್ಯವಾಗಿ ಅಷ್ಟೇ. ಗುಲಾಮಗಿರಿ ರದ್ದು ಮಾಡಿದ ಪೋರ್ಚುಗೀಸ್ ಆದೇಶ ಬಂದದ್ದು 1869ರಲ್ಲಿ. ಅದಕ್ಕೂ ಇನ್ನಷ್ಟು ವರ್ಷ ಹಳೆಯ ಒಡೆಯನಿಗೇ ದುಡಿಯಬೇಕೆಂಬ ಷರತ್ತು. ತಮ್ಮ ಬಿಡುಗಡೆಯ ತೀರ್ಪನ್ನು ತಾವೇ ಕೊಟ್ಟುಕೊಂಡವರಿಗೆ ಈ ಕಾಗದಗಳು ಮುಟ್ಟಿದವೋ ಇಲ್ಲವೋ! ಕಾಡು ಸೇರಿದ ಮೇಲೂ ಹೊಟ್ಟೆಪಾಡಿಗೆ ಪರರ ಹೊಲ, ತೋಟದ ದುಡಿಮೆ ತಪ್ಪಲಿಲ್ಲ ಅನ್ನುವುದನ್ನೂ ಮರೆಯಬಾರದು.

ಯಾರೂ ಬರೆದಿಡದ ಇವರ ಗುರುತು ಕಾಣಲು ಸಿದ್ದಿ ಹೆಂಗಸರು ಹೊಲಿದ ಕೌದಿಯನ್ನು ಹತ್ತಿರದಿಂದ ನೋಡಬೇಕು. ಹಳೆ ಸೀರೆ, ಅಂಗಿಯ ತುಂಡುಗಳನ್ನು ಒಂದು ಮೂಲೆಯಲ್ಲಿ ಇಟ್ಟು ಹೊಲಿಗೆ ಶುರು. ಅಂಚು ಹಿಡಿದು ಸುತ್ತುತ್ತ ಸುತ್ತುತ್ತ ನಡುವಿಗೆ ಬಂದು ಮುಗಿಸುತ್ತಾರೆ. ನಾಲ್ಕು ಮೂಲೆಗೂ ಪದರ ಪದರವಾಗಿ ಮಡಿಸಿದ ಬಟ್ಟೆಯ ಹೂ. ಹೂವಿಲ್ಲದ ಕೌದಿ ಅವರ ಕಣ್ಣಿಗೆ ಬತ್ತಲೆ.

ಕಾನೂನಿನ ಕಾಗದ ಮತ್ತೆ ಬಂತು: 2003ರಲ್ಲಿ ಸಿದ್ದಿಗಳು ಪರಿಶಿಷ್ಟ ಪಂಗಡಕ್ಕೆ ಸೇರಿದರು, ಆದರೆ ಉತ್ತರ ಕನ್ನಡ ಜಿಲ್ಲೆಯವರು ಮಾತ್ರ. ಅಣ್ಣ ಹಳಿಯಾಳ ತಾಲ್ಲೂಕಿನಲ್ಲಿದ್ದರೆ ಬುಡಕಟ್ಟಿನವನು, ತಮ್ಮ ನಮ್ಮ ಧಾರವಾಡ ಜಿಲ್ಲೆಯಲ್ಲಿ ಮನೆ ಮಾಡಿದ್ದರೆ ಅಲ್ಲ! ಪೋರ್ಚುಗೀಸರ ಗಡಿ ದಾಟಿ ಬಂದವರ ವಂಶಕ್ಕೆ ನಮ್ಮ ಕಂದಾಯ ಇಲಾಖೆಯ ಗಡಿ ಅಡ್ಡ ಬಂತು. ಧಾರವಾಡ, ಬೆಳಗಾವಿಯ ಸಿದ್ದಿಗಳ ಹೆಸರು ಪಟ್ಟಿಗೆ ಏರಿದ್ದು 2020ರಲ್ಲಿ. ಅದೇ ವರ್ಷ ಯಲ್ಲಾಪುರದ ಕಡೆಯ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡರು. ಅಲ್ಲಿಯತನಕ ರಾಜ್ಯದ ಶಾಸನಸಭೆಯಲ್ಲಿ ಒಬ್ಬ ಸಿದ್ದಿಯೂ ಕೂತಿರಲಿಲ್ಲ.