ತೀರಿಸಲಾಗದ ಋಣ



ಗೊರೂರಿನ ಹೇಮಾವತಿ ಜಲಾಶಯ ತುಂಬಿದಾಗ ಶೆಟ್ಟಿಹಳ್ಳಿಯ ಹಳೆಯ ದೇವಾಲಯ ನೀರಿನಲ್ಲಿ ನಿಲ್ಲುತ್ತದೆ. 19ನೇ ಶತಮಾನದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿದ್ದು ಅದು. ಅಣೆಕಟ್ಟಿಗಾಗಿ ಅಲ್ಲಿಯ ವಿಶ್ವಾಸಿಗಳು ಮನೆ, ಹೊಲ, ತಾವು ಪೂಜೆ ಕಂಡ ಪೀಠ ಎಲ್ಲವನ್ನೂ ಬಿಟ್ಟು ಬೇರೆಡೆ ನೆಲೆಸಿದರು. ಆ ನೀರು ಇಂದು ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣದ ಹೊಲಗದ್ದೆಗಳಿಗೆ ಹರಿಯುತ್ತದೆ. ನಾಲೆಗೆ ನೀರು ಬಿಟ್ಟಾಗ ಶೆಟ್ಟಿಹಳ್ಳಿಯವರನ್ನು ನೆನೆಯುವವರು ಎಷ್ಟು ಮಂದಿ?

ನಮ್ಮ ರಕ್ಷಣೆಗೂ ಬೆಲೆ ತೆತ್ತವರು ಬೇರೊಬ್ಬರು. ಹೋಲಿಕೆ ಮಾತ್ರ ಅಲ್ಲಿಗೇ ನಿಲ್ಲುತ್ತದೆ. ಹಳ್ಳಿಯವರಿಗೆ ಬೇರೆ ದಾರಿ ಇರಲಿಲ್ಲ. ಯೇಸುಸ್ವಾಮಿ ತಮ್ಮ ಪ್ರಾಣವನ್ನು ತಾವಾಗಿಯೇ ಕೊಟ್ಟರು.

ಈ ಋಣ ತೀರಿಸುವುದು ಹೇಗೆ? ಹರಕೆ, ಮೇಣದಬತ್ತಿ, ಕಾಣಿಕೆಗಳಿಂದ ಲೆಕ್ಕ ಚುಕ್ತಾ ಮಾಡಲು ಹೊರಡುತ್ತೇವೆ. (ಕಾಣಿಕೆ ಬೇಡವೆನ್ನುತ್ತಿಲ್ಲ, ದೇವಾಲಯದ ಖರ್ಚು ನನಗೂ ಗೊತ್ತು.) ಆದರೆ ತೀರಿಸಿ ಮುಗಿಸುವಂಥದ್ದು ಸಾಲವೇ ಹೊರತು ವರದಾನವಲ್ಲ. ಬಲಿಪೂಜೆಗೆ ನಾವು ಸಾಲ ಕಟ್ಟಲು ಬರುವುದಿಲ್ಲ. 'ಯೂಕರಿಸ್ತ' ಎಂಬ ಗ್ರೀಕ್ ಮೂಲದ ಪದದ ಅರ್ಥವೇ ಕೃತಜ್ಞತಾಸ್ತುತಿ.

ಗುಣಹೊಂದಿದ ಹತ್ತು ಮಂದಿ ಕುಷ್ಠರೋಗಿಗಳಲ್ಲಿ ಹಿಂದಿರುಗಿ ಬಂದವನು ಒಬ್ಬನೇ, ಅದೂ ಸಮಾರಿಯದವನು. ಅವನು ಏನನ್ನಾದರೂ ತಂದನೆಂದು ಸಂತ ಲೂಕರು ಬರೆದಿಲ್ಲ. ಗಟ್ಟಿಯಾಗಿ ದೇವರನ್ನು ಸ್ತುತಿಸುತ್ತಾ ಬಂದು ಪಾದಕ್ಕೆ ಬಿದ್ದ.