ಔಷಧಪರೀಕ್ಷೆಯಲ್ಲಿ ಧರ್ಮಾಧರ್ಮವಿವೇಚನೆ

ಕೃಷ್ಣರಾಜಪೇಟೆ ತಾಲ್ಲೂಕಿನ ಸಿಂಧಘಟ್ಟವು ಹೊಯ್ಸಳರ ಕಾಲದ ಲಕ್ಷ್ಮೀನಾರಾಯಣ ದೇವಾಲಯವುಳ್ಳ ಹಳೆಯ ಊರು. ಅಂತಹ ಊರಿನ ಒಂದು ಒಕ್ಕಲುಮನೆಯನ್ನು ವಾಚಕರು ಮನಸ್ಸಿಗೆ ತಂದುಕೊಳ್ಳಲಿ. ಮನೆಯ ಯಜಮಾನನು ನಾಲ್ಕು ತಿಂಗಳಿಂದ ಗದ್ದೆಯ ಕಡೆಗೆ ತಲೆಹಾಕಿಲ್ಲ. ಬಡಿಸಿದರೆ ಉಣ್ಣುವನು, ಬಡಿಸದಿದ್ದರೆ ಕೇಳನು. ಬೆಳಗಿನ ಜಾವಕ್ಕೆ ಬಹಳ ಮುಂಚೆಯೇ ಎಚ್ಚತ್ತು ಜಗುಲಿಯ ಮೇಲೆ ಸುಮ್ಮನೆ ಕುಳಿತಿರುವನು. ವೈದ್ಯರು ಕೊಟ್ಟ ಎರಡು ಬಗೆಯ ಮಾತ್ರೆಗಳೂ ನಿಷ್ಫಲವಾದುವು. ಹೀಗಿರಲಾಗಿ ಪಟ್ಟಣದ ಆಸ್ಪತ್ರೆಯಲ್ಲೊಬ್ಬ ವೈದ್ಯರು, “ಮೂಗಿಗೆ ಸಿಂಪಡಿಸುವ ಹೊಸ ಔಷಧವೊಂದರ ಪರೀಕ್ಷೆ ನಡೆಯುತ್ತಿದೆ. ಸೇರಿದರೆ ನಿಮಗೆ ಔಷಧವೇ ಸಿಕ್ಕಬಹುದು, ಔಷಧವಿಲ್ಲದ ಬರಿಯ ದ್ರವವೂ ಸಿಕ್ಕಬಹುದು. ಯಾವುದು ಸಿಕ್ಕಿತೆಂಬುದು ನಿಮಗೂ ತಿಳಿಯದು, ನಮಗೂ ತಿಳಿಯದು” ಎಂದರೆ, ಆ ಮನೆಯವರು ಏನು ಹೇಳತಕ್ಕದ್ದು? ಮನೆ ಕಲ್ಪಿತವಾದುದು; ಪ್ರಶ್ನೆ ಕಲ್ಪಿತವಲ್ಲ. ಇಂತಹ ಪರೀಕ್ಷೆಗಳು ಅನೇಕ ದೇಶಗಳಲ್ಲಿ ನಡೆದಿವೆ. ಸಂಕಟದಲ್ಲಿರುವವನಿಗೆ ತಿಳಿದೂ ತಿಳಿದೂ ಹುಸಿಮದ್ದನ್ನು ಕೊಡುವುದು ಧರ್ಮವೇ ಎಂಬುದು ಇಲ್ಲಿ ವಿಚಾರಣೀಯವಾದ ವಿಷಯ.

ಮೊದಲು ರೋಗದ ಸ್ವರೂಪವನ್ನು ನಿಶ್ಚಯಿಸಿಕೊಳ್ಳಬೇಕು. ಭಗವದ್ಗೀತೆಯ ಪ್ರಥಮಾಧ್ಯಾಯಕ್ಕೆ ಅರ್ಜುನನ ವಿಷಾದದಿಂದಲೇ ಹೆಸರು ಬಂದಿದೆ. ಆ ವಿಷಾದವು ಉಪದೇಶದಿಂದ ಕಳೆಯಿತು. ಇದನ್ನು ಕೇಳಿ ಬೆಳೆದ ಮನೆಗಳಲ್ಲಿ, ಯಾರಾದರೂ ಮಂಕಾಗಿ ಕುಳಿತರೆ ಅವರಿಗೂ ಉಪದೇಶವೇ ಮದ್ದೆಂಬ ಭಾವನೆ ಬೇರೂರಿದೆ. “ಧೈರ್ಯ ತಂದುಕೊ, ನಿನಗೇನು ಕಡಮೆಯಾಗಿದೆ?” ಎಂದು ಹಿರಿಯರು ಗದರಿಸುವರು. ಆದರೆ ಅರ್ಜುನನು ಪ್ರಶ್ನೆ ಕೇಳಿದನು, ವಾದಿಸಿದನು, ಉತ್ತರವನ್ನು ಗ್ರಹಿಸಿದನು. ತೀವ್ರ ಖಿನ್ನತೆಯೆಂಬ ರೋಗವು ಕೇಳುವ, ವಾದಿಸುವ, ಗ್ರಹಿಸುವ ಆ ಶಕ್ತಿಯನ್ನೇ ಕುಂದಿಸುತ್ತದೆ. ರೋಗವನ್ನು ಹೆಚ್ಚಿಸುವ ಸಂಗತಿಗಳಲ್ಲೆಲ್ಲ ವಿಷಾದವೇ ಅಗ್ರಗಣ್ಯವೆಂದು ಚರಕಸಂಹಿತೆಯು ಎಣಿಸಿದೆ. ಅದನ್ನು ಮನಸ್ಸಿನ ದೌರ್ಬಲ್ಯವೆಂದು ತಳ್ಳಿಬಿಡುವುದು ಶಾಸ್ತ್ರಕ್ಕೂ ಒಪ್ಪದು, ಅನುಭವಕ್ಕೂ ಒಪ್ಪದು.

ಈ ರೋಗಕ್ಕೆ 1950ರ ದಶಕದಿಂದ ಬಳಕೆಗೆ ಬಂದ ಮಾತ್ರೆಗಳು ಅನೇಕರನ್ನು ಉಳಿಸಿವೆ. ಆದರೆ ಅವು ಫಲ ಕೊಡುವುದಕ್ಕೆ ವಾರಗಟ್ಟಲೆ ಬೇಕು. ಕೆಲವರಿಗೆ ಕೊಡುವುದೇ ಇಲ್ಲ. ಬದುಕೇ ಬೇಡವೆಂದು ಕುಳಿತವನಿಗೆ ವಾರಗಳ ಕಾಲ ಕಾಯಿರಿ ಎನ್ನುವುದು ಎಷ್ಟು ಕಠಿನವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. 1962ರಲ್ಲಿ ಅಮೆರಿಕದಲ್ಲಿ ತಯಾರಾದ ಕೆಟಮೀನ್ ಎಂಬುದು ಶಸ್ತ್ರಚಿಕಿತ್ಸೆಯ ಕಾಲದಲ್ಲಿ ಮೈಮರೆಸುವ ಔಷಧ. ಅದನ್ನು ಅಲ್ಪಪ್ರಮಾಣದಲ್ಲಿ ಕೊಟ್ಟರೆ ಖಿನ್ನತೆಯು ವಾರಗಳಲ್ಲಲ್ಲ, ಗಂಟೆಗಳಲ್ಲಿ ಇಳಿಯಬಹುದೆಂದು 2000ದಲ್ಲಿ ಪ್ರಕಟವಾದ ಒಂದು ಸಣ್ಣ ಪರೀಕ್ಷೆ ಸೂಚಿಸಿತು. ಅದರ ಒಂದು ರೂಪವಾದ ಎಸ್ಕೆಟಮೀನನ್ನು ಮೂಗಿಗೆ ಸಿಂಪಡಿಸುವಂತೆ ಸಿದ್ಧಪಡಿಸಿದರು. 2019ರ ಮಾರ್ಚಿಯಲ್ಲಿ ಅಮೆರಿಕದ ಔಷಧನಿಯಂತ್ರಣ ಸಂಸ್ಥೆಯು, ಬೇರೆ ಮಾತ್ರೆಗಳಿಂದ ಗುಣಕಾಣದ ಖಿನ್ನತೆಗೆ ಇದನ್ನು ಬಳಸಬಹುದೆಂದು ಅನುಮತಿಯಿತ್ತಿತು. ಮೂಗು ಶಿರಸ್ಸಿಗೆ ದ್ವಾರವೆಂದು ವಾಗ್ಭಟನು ಹೇಳಿರುವನಾದುದರಿಂದ ನಸ್ಯಕರ್ಮವನ್ನು ಬಲ್ಲ ನಮ್ಮ ನಾಡಿನವರಿಗೆ ಈ ಮಾರ್ಗ ವಿಚಿತ್ರವಾಗಿ ತೋರದು. ಹಾಗೆಂದಮಾತ್ರಕ್ಕೆ ಹೊಸ ಔಷಧವೆಲ್ಲ ಹಳೆಯ ಗ್ರಂಥದಲ್ಲಿಯೇ ಇತ್ತೆಂದು ಹೇಳಹೊರಡುವುದು ಉಚಿತವಲ್ಲ. ದ್ವಾರ ಒಂದೇ ಆದರೂ ಒಳಹೊಕ್ಕ ದ್ರವ್ಯ ಬೇರೆ.

ಇನ್ನು ಪೂರ್ವಪಕ್ಷವನ್ನು ನೋಡೋಣ. “ಔಷಧವು ಕೈಯಲ್ಲಿದೆ, ರೋಗಿಯು ಎದುರಿಗಿದ್ದಾನೆ. ಅರ್ಧ ಜನಕ್ಕೆ ಕೊಟ್ಟು, ಇನ್ನರ್ಧ ಜನಕ್ಕೆ ಹುಸಿಮದ್ದು ಕೊಡುವುದು ವಂಚನೆ. ಅದಕ್ಕೆ ಔಷಧದಂತೆಯೇ ರುಚಿ ಬರಲೆಂದು ಕಹಿಯನ್ನೂ ಬೆರೆಸುವರಂತೆ! ದಯೆಯುಳ್ಳವನು ಎಲ್ಲರಿಗೂ ನಿಜವಾದುದನ್ನೇ ಕೊಡುತ್ತಿದ್ದನು” ಎಂಬುದು ಆಕ್ಷೇಪ. ಕಹಿ ಬೆರೆಸಿದ್ದು ನಿಜ. ಆಕ್ಷೇಪವು ಹೃದಯದಿಂದ ಬಂದುದು. ಆದುದರಿಂದಲೇ ಅದಕ್ಕೆ ಸಾವಧಾನದಿಂದ ಸಮಾಧಾನ ಹೇಳಬೇಕು.

ಕಾಗೆ ಬಂದು ಕೂತಿತು, ತಾಳೆಯ ಹಣ್ಣು ಬಿದ್ದಿತು. ಕಾಗೆಯೇ ಹಣ್ಣನ್ನು ಬೀಳಿಸಿತೆಂದು ನೋಡಿದವನು ಹೇಳಿದನು. ಇದನ್ನು ಕಾಕತಾಲೀಯನ್ಯಾಯವೆನ್ನುವರು. ಔಷಧ ಕೊಟ್ಟ ಬಳಿಕ ರೋಗಿ ಚೇತರಿಸಿಕೊಂಡನೆಂದಮಾತ್ರಕ್ಕೆ ಔಷಧವೇ ಕಾರಣವೆಂದು ಸಿದ್ಧವಾಗದು. ಕಾರಣವಿದ್ದರೆ ಕಾರ್ಯವಿರಬೇಕು, ಇದು ಅನ್ವಯ. ಕಾರಣವಿಲ್ಲದಿದ್ದರೆ ಕಾರ್ಯವಿರಬಾರದು, ಇದು ವ್ಯತಿರೇಕ. ಇವೆರಡೂ ಕೂಡಿದಲ್ಲದೆ ಕಾರಣವು ನಿಶ್ಚಯವಾಗದೆಂದು ನಮ್ಮ ತಾರ್ಕಿಕರು ಬಹುಕಾಲದಿಂದ ಬೋಧಿಸಿದ್ದಾರೆ. ಔಷಧ ಪಡೆದವರ ಗುಂಪು ಅನ್ವಯ, ಹುಸಿಮದ್ದು ಪಡೆದವರ ಗುಂಪು ವ್ಯತಿರೇಕ. 2019ರಲ್ಲಿ ಪ್ರಕಟವಾದ ಒಂದು ಮುಖ್ಯ ಪರೀಕ್ಷೆಯಲ್ಲಿ ಎರಡು ಗುಂಪುಗಳಿಗೂ ಹೊಸದೊಂದು ಮಾತ್ರೆಯನ್ನು ಆರಂಭಿಸಿದ್ದರು. ನಾಲ್ಕು ವಾರಗಳಾದ ಮೇಲೆ ನೋಡಿದರೆ ಹುಸಿಮದ್ದಿನ ಗುಂಪಿನವರೂ ಬಹಳವಾಗಿ ಚೇತರಿಸಿಕೊಂಡಿದ್ದರು. ರೋಗದ ತೀವ್ರತೆಯನ್ನು 60 ಅಂಕಗಳವರೆಗೆ ಅಳೆಯುವ ಮಾನದಲ್ಲಿ ಎರಡು ಗುಂಪುಗಳಿಗೂ ಇದ್ದ ಅಂತರ ಸುಮಾರು 4 ಅಂಕ ಮಾತ್ರ. ವ್ಯತಿರೇಕವಿಲ್ಲದೆ ಹೋಗಿದ್ದರೆ ಇಡಿಯ ಗುಣವನ್ನೂ ಮೂಗಿನ ಔಷಧದ ಲೆಕ್ಕಕ್ಕೇ ಬರೆದುಬಿಡುತ್ತಿದ್ದರು. ಅದೇ ಕಾಲದ ಇನ್ನೆರಡು ಅಲ್ಪಾವಧಿಯ ಪರೀಕ್ಷೆಗಳಲ್ಲಿ ಅಂತರವು ನಿಶ್ಚಯವೆನ್ನುವ ಮಟ್ಟವನ್ನು ಮುಟ್ಟಲಿಲ್ಲ. ಮೇಲಾಗಿ, ಸಾಯುವ ಯೋಚನೆಯಿಂದ ಆಸ್ಪತ್ರೆ ಸೇರಿದವರಲ್ಲಿ ನಡೆಸಿದ ಎರಡು ಪರೀಕ್ಷೆಗಳಲ್ಲಿ, 24 ಗಂಟೆಗಳೊಳಗೆ ಖಿನ್ನತೆಯು ಹುಸಿಮದ್ದಿನವರಿಗಿಂತ ಹೆಚ್ಚಾಗಿ ಇಳಿಯಿತು. ಸಾಯುವ ಯೋಚನೆಯ ತೀವ್ರತೆಯಲ್ಲಿ ಮಾತ್ರ ನಿಶ್ಚಿತವಾದ ಅಂತರ ಕಾಣಲಿಲ್ಲ. ಇಷ್ಟನ್ನು ತಿಳಿಯದೆ ಎಲ್ಲರಿಗೂ ಹಂಚಿದ್ದರೆ ಅದು ದಯೆಯಾಗದೆ ಆತುರವಾಗುತ್ತಿತ್ತು.

ಆದಕಾರಣ ಸಂಶಯವು ಪ್ರಾಮಾಣಿಕವಾಗಿರುವವರೆಗೆ ಹುಸಿಮದ್ದು ವಂಚನೆಯಲ್ಲ. ಇದಕ್ಕೆ ಎರಡು ಕಟ್ಟುಪಾಡುಗಳುಂಟು. ಮೊದಲನೆಯದು, ಹುಸಿಮದ್ದು ಸಿಕ್ಕಬಹುದೆಂದು ರೋಗಿಗೆ ಮೊದಲೇ ತಿಳಿಸಿರಬೇಕು; ತಿಳಿಸಿ ಕೊಟ್ಟುದು ಮೋಸವಾಗದು. ಎರಡನೆಯದು, ಫಲವುಂಟೆಂದು ಈಗಾಗಲೇ ಸಿದ್ಧವಾದ ಚಿಕಿತ್ಸೆಯನ್ನು ಯಾರಿಗೂ ತಪ್ಪಿಸಕೂಡದು. ಮೇಲೆ ಹೇಳಿದ ಆಸ್ಪತ್ರೆಯ ಪರೀಕ್ಷೆಗಳಲ್ಲಿ ಹುಸಿಮದ್ದಿನವರಿಗೂ ಆಸ್ಪತ್ರೆಯ ಆಶ್ರಯವೂ ಮಾತ್ರೆಗಳೂ ದೊರೆತುವು.

ಆದರೆ ಇನ್ನೊಂದು ಪರೀಕ್ಷೆಯು ಇದಕ್ಕಿಂತಲೂ ಮನಸ್ಸನ್ನು ಕಲಕತಕ್ಕದ್ದು. ಮೂಗಿನ ಔಷಧದಿಂದ ಗುಣಹೊಂದಿ ಸ್ಥಿರವಾಗಿದ್ದವರನ್ನು ಎರಡು ಭಾಗ ಮಾಡಿ, ಒಂದು ಭಾಗಕ್ಕೆ ಔಷಧವನ್ನು ಮುಂದುವರಿಸಿದರು; ಇನ್ನೊಂದು ಭಾಗಕ್ಕೆ ಅವರಿಗರಿಯದಂತೆ ಹುಸಿಮದ್ದನ್ನು ಕೊಟ್ಟರು. ಮಾತ್ರೆ ಇಬ್ಬರಿಗೂ ಇದ್ದಿತು. ಪೂರ್ಣವಾಗಿ ಗುಣಹೊಂದಿದ್ದವರ ಪೈಕಿ ಔಷಧ ಮುಂದುವರಿದ 90 ಮಂದಿಯಲ್ಲಿ 24 ಮಂದಿಗೂ, ಹುಸಿಮದ್ದು ಪಡೆದ 86 ಮಂದಿಯಲ್ಲಿ 39 ಮಂದಿಗೂ ರೋಗವು ಮರುಕಳಿಸಿತು. ಗುಣವಾದ ಮೇಲೂ ಔಷಧವನ್ನು ಮುಂದುವರಿಸಿದರೆ ರೋಗ ಮರುಕಳಿಸುವುದು ಕಡಮೆಯಾಗುವುದೆಂಬುದು ಇದರಿಂದ ತಿಳಿದುಬಂದಿತು. ತಿಳಿಯದಿದ್ದರೆ ಮುಂದಿನ ಸಾವಿರಾರು ರೋಗಿಗಳು ವೃಥಾ ಔಷಧ ಸೇವಿಸುತ್ತಲೋ, ಅಕಾಲದಲ್ಲಿ ಬಿಟ್ಟು ಕೆಡುತ್ತಲೋ ಇರುತ್ತಿದ್ದರು. ಲಾಭವು ನಿಜ. ಆದರೆ ಅದರ ಬೆಲೆಯನ್ನು ತೆತ್ತವರು ಆ 39 ಮಂದಿ. ಒಮ್ಮೆ ಬೆಳಕನ್ನು ಕಂಡು ಮತ್ತೆ ಕತ್ತಲೆಗೆ ಬಿದ್ದವನ ಕತ್ತಲೆಯು ಮೊದಲಿನದಕ್ಕಿಂತ ಹೆಚ್ಚಿನದು.

ಅನ್ನ ಬೆಂದಿತೆ ಎಂದು ನೋಡಲು ಮಡಕೆಯ ಒಂದು ಅಗುಳನ್ನು ಹಿಚುಕುವರು, ಇದು ಸ್ಥಾಲೀಪುಲಾಕನ್ಯಾಯ. ಕೆಲವರಲ್ಲಿ ಪರೀಕ್ಷಿಸಿ ಎಲ್ಲರ ವಿಷಯ ತಿಳಿಯುವುದೂ ಇದೇ ನ್ಯಾಯವೇ. ಆದರೆ ಅಗುಳನ್ನು ಕೇಳಿ ಹಿಚುಕುವವರಿಲ್ಲ. ಮನುಷ್ಯನನ್ನು ಕೇಳದೆ ಮುಟ್ಟುವಂತಿಲ್ಲ. ದೇವತೆಗಳು ದಧೀಚಿಯ ಎಲುಬನ್ನು ಯಾಚಿಸಿ ಪಡೆದರಲ್ಲದೆ ಕದ್ದು ತರಲಿಲ್ಲ. ಅವನು ತಿಳಿದು ಕೊಟ್ಟುದರಿಂದ ಅದು ದಾನವಾಯಿತು. ತಿಳಿಯದೆ ತೆಗೆದುಕೊಂಡಿದ್ದರೆ ಕೊಲೆಯಾಗುತ್ತಿತ್ತು.

ಇಲ್ಲಿ ಪೂರ್ವಪಕ್ಷಿಯು ಮತ್ತೆ ಏಳುವನು: “ದಧೀಚಿಯು ಸ್ವಸ್ಥಚಿತ್ತನಾದ ಋಷಿ. ತನ್ನ ಜೀವಕ್ಕೇ ಬೆಲೆಯಿಲ್ಲವೆಂದು ಭಾವಿಸಿದ ರೋಗಿಯು ಯಾವುದಕ್ಕೆ ತಾನೆ ಒಪ್ಪುವುದಿಲ್ಲ? ಮುಳುಗುವವನು ಹುಲ್ಲುಕಡ್ಡಿಯನ್ನೂ ಹಿಡಿಯುವನು. ಅದನ್ನು ಸಮ್ಮತಿಯೆನ್ನಬಹುದೆ?” ಇದು ಬಲವಾದ ಆಕ್ಷೇಪ. ಆದರೆ ಇದನ್ನು ಪೂರ್ತಿಯಾಗಿ ಒಪ್ಪಿದರೆ ಖಿನ್ನನ ಯಾವ ಮಾತಿಗೂ ಬೆಲೆಯಿಲ್ಲವೆಂದಾಗುವುದು. ರೋಗವು ಕಸಿದುಕೊಂಡ ಗೌರವದಲ್ಲಿ ಉಳಿದುದನ್ನು ನಾವು ಕಸಿದುಕೊಂಡಂತಾಗುವುದು. ಭಾರತದ 2017ರ ಮಾನಸಿಕ ಆರೋಗ್ಯ ಕಾಯಿದೆಯು ಮಧ್ಯಮಮಾರ್ಗವೊಂದನ್ನು ಹಿಡಿದಿದೆ. ಮಾನಸಿಕ ರೋಗವಿದ್ದ ಮಾತ್ರಕ್ಕೆ ತನ್ನ ಚಿಕಿತ್ಸೆಯನ್ನು ಕುರಿತು ನಿರ್ಧರಿಸುವ ಸಾಮರ್ಥ್ಯ ಇಲ್ಲವೆಂದು ತಿಳಿಯಕೂಡದು. ಸಂಶೋಧನೆಗೆ ಸೇರಿಸಿಕೊಳ್ಳುವಾಗ ಆತನ ತಿಳಿವಳಿಕೆಯುಳ್ಳ ಸ್ವತಂತ್ರ ಸಮ್ಮತಿ ಬೇಕು. ಕೊಟ್ಟ ಸಮ್ಮತಿಯನ್ನು ಆತನು ಹಿಂದಕ್ಕೆ ಪಡೆಯಬಹುದು. ಆದುದರಿಂದ ಸಮ್ಮತಿಯೆಂಬುದು ಒಂದು ದಿನ ಹಾಕಿದ ರುಜುವಲ್ಲ. ಮನೆಯವರನ್ನು ಹತ್ತಿರ ಕೂರಿಸಿಕೊಂಡು, ಆತನ ಆಡುನುಡಿಯಲ್ಲಿ ವಿವರಿಸಿ, ಯೋಚಿಸಲು ಕಾಲಾವಕಾಶ ಕೊಟ್ಟು, ಮತ್ತೆ ಮತ್ತೆ ಕೇಳತಕ್ಕ ಮಾತು. “ಬೇಡ” ಎಂದವನಿಗೂ ಅದೇ ಬಾಗಿಲಿನಲ್ಲಿ ಅದೇ ಆದರದ ಚಿಕಿತ್ಸೆ ದೊರೆಯುವಂತಿದ್ದರೆ ಮಾತ್ರ “ಆಗಲಿ” ಎಂಬುದಕ್ಕೆ ಅರ್ಥವುಂಟು.

ಕೊನೆಯದಾಗಿ ಫಲದ ವಿಚಾರ. ಈ ಔಷಧವನ್ನು ಮನೆಗೆ ಒಯ್ಯುವಂತಿಲ್ಲ. ವೈದ್ಯರ ಕಣ್ಣೆದುರಿನಲ್ಲಿಯೇ ತೆಗೆದುಕೊಳ್ಳಬೇಕು. ರಕ್ತದ ಒತ್ತಡ ಏರಬಹುದು, ಮಂಪರು ಕವಿಯಬಹುದು, ತಾನು ತನ್ನ ದೇಹದಿಂದ ಬೇರೆಯಾದಂತೆ ತೋರಬಹುದು; ಆದುದರಿಂದ ಪ್ರತಿಸಲವೂ ಎರಡು ಗಂಟೆಗಳಾದರೂ ಅಲ್ಲಿಯೇ ಇರಬೇಕು. ಮೊದಲ ನಾಲ್ಕು ವಾರ ವಾರಕ್ಕೆರಡು ಸಲ; ಆಮೇಲೆ ಕ್ರಮವಾಗಿ ಕಡಮೆ. ಔಷಧವು ಬಹು ದುಬಾರಿ. ಸಿಂಧಘಟ್ಟದಿಂದ ಬೆಂಗಳೂರಿನ ನಿಮ್ಹಾನ್ಸಿಗೆ ಹೋಗಿಬರುವುದಕ್ಕೆ ಒಂದು ದಿನವೇ ಬೇಕು, ಜೊತೆಗೊಬ್ಬರು ಬೇಕು, ಇಬ್ಬರ ಕೂಲಿ ಹೋಗುವುದು. ಮೂಲವಾದ ಕೆಟಮೀನಾದರೋ ಅಗ್ಗವಾದುದು. 1985ರಿಂದ ವಿಶ್ವ ಆರೋಗ್ಯ ಸಂಸ್ಥೆಯ ಅವಶ್ಯಕ ಔಷಧಗಳ ಪಟ್ಟಿಯಲ್ಲಿ, ಅರಿವಳಿಕೆಗಾಗಿ, ಸೇರಿದೆ. ಅಗ್ಗವಾದುದಕ್ಕೆ ಪರೀಕ್ಷೆಯ ಖರ್ಚನ್ನು ಹಾಕುವವರು ವಿರಳ, ದುಬಾರಿಯಾದುದಕ್ಕೆ ಅನೇಕರು. ಇದೂ ಧರ್ಮವಿಚಾರಕ್ಕೆ ಸೇರಿದ ಸಂಗತಿಯೇ. ಬಡವನು ಪರೀಕ್ಷೆಗೆ ಮೈಯೊಡ್ಡಿ, ಧನಿಕನು ಫಲವನ್ನುಣ್ಣುವುದಾದರೆ ಸಮ್ಮತಿಪತ್ರವು ಎಷ್ಟು ನಿರ್ದುಷ್ಟವಾಗಿದ್ದರೂ ನ್ಯಾಯವು ಪೂರ್ತಿಯಾಗದು. ಬೇರೊಂದು ದಾರಿಯೂ ಇದೇ ನಾಡಿನಲ್ಲಿ ತೋರಿದುದುಂಟು. ಮಾನಸಿಕ ರೋಗಗಳ ಸಾಮಾನ್ಯ ಚಿಕಿತ್ಸೆಯನ್ನು ಹಳ್ಳಿಯ ಆರೋಗ್ಯಕೇಂದ್ರದಲ್ಲಿಯೇ ಒದಗಿಸಬಹುದೆಂದು ನಿಮ್ಹಾನ್ಸ್ ಸಂಸ್ಥೆಯು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿ ತೋರಿಸಿತು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು.

ದೇವಋಣ, ಋಷಿಋಣ, ಪಿತೃಋಣಗಳೊಡನೆ ಮನುಷ್ಯಋಣವೆಂಬುದೊಂದನ್ನು ಶತಪಥಬ್ರಾಹ್ಮಣವು ಹೇಳುತ್ತದೆ. ಯಾವ ಮಾತ್ರೆಯನ್ನಾದರೂ ನಿರ್ಭಯವಾಗಿ ನುಂಗುವವನು, ಅದನ್ನು ಮೊದಲು ಭಯದಿಂದ ನುಂಗಿದ ಅಜ್ಞಾತರಿಗೆ ಋಣಿ. ಹುಸಿಮದ್ದು ಪಡೆದು ಕಾದವರಿಗೂ ಅಷ್ಟೇ ಋಣಿ. ಪರೀಕ್ಷೆ ಮುಗಿದ ಬಳಿಕ ಅವರನ್ನು ಕೈಬಿಡದೆ ಚಿಕಿತ್ಸೆಯನ್ನು ಒದಗಿಸುವುದು, ಬಂದ ಫಲವನ್ನು ಕೆಟ್ಟದ್ದಾಗಿದ್ದರೂ ಮುಚ್ಚಿಡದೆ ಪ್ರಕಟಿಸುವುದು, ಗುಣಕೊಟ್ಟ ಔಷಧವನ್ನು ಹಳ್ಳಿಯವರೆಗೆ ಮುಟ್ಟಿಸುವುದು, ಇವೇ ಆ ಋಣವನ್ನು ತೀರಿಸುವ ಬಗೆ.

ಜಗುಲಿಯ ಮೇಲೆ ಕುಳಿತಿರುವ ಆ ಯಜಮಾನನ ಮನೆಯವರು ಪರೀಕ್ಷೆಗೆ ಒಪ್ಪಬಹುದು, ಒಪ್ಪದೆಯೂ ಇರಬಹುದು, ಎರಡರಲ್ಲಿಯೂ ಅಧರ್ಮವಿಲ್ಲ. ಒಪ್ಪುವ ಮುನ್ನ ಅವರು ಕೇಳಬೇಕಾದ ಪ್ರಶ್ನೆಗಳು ಮೂರು: ಹುಸಿಮದ್ದು ಸಿಕ್ಕಿದರೂ ಬೇರೆ ಚಿಕಿತ್ಸೆ ನಡೆಯುವುದೆ? ನಡುವೆ ಬಿಟ್ಟುಬರಬಹುದೆ? ಮುಗಿದ ಮೇಲೆ ನೋಡಿಕೊಳ್ಳುವವರಾರು? ಆತನು ಸಾವಿನ ಮಾತನ್ನೆತ್ತಿದರೆ ಮಾತ್ರ ಯಾವ ಪರೀಕ್ಷೆಗೂ ಕಾಯದೆ, ಒಬ್ಬನನ್ನೇ ಬಿಡದೆ, ಹತ್ತಿರದ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು. 2022ರಲ್ಲಿ ಸರ್ಕಾರವು ಆರಂಭಿಸಿದ ಟೆಲಿಮಾನಸ್‌ನ 14416 ಎಂಬ ಸಂಖ್ಯೆಗೆ ದೂರವಾಣಿಯಲ್ಲಿ ಕರೆದರೂ ನೆರವು ದೊರೆಯುವುದು. ಹೊಸ ಔಷಧ ದೊರೆಯಲಿ, ದೊರೆಯದಿರಲಿ, ಗದರಿಸುವುದನ್ನು ಬಿಟ್ಟು ಆತನ ಪಕ್ಕದಲ್ಲಿ ಕುಳಿತು ಕೇಳುವುದಕ್ಕೆ ಯಾರ ಅನುಮತಿಯೂ ಬೇಕಾಗಿಲ್ಲ.