ಜಗದ್ಗುರುವಿನ ಮಾತಿನ ತೂಕ

"ಪೋಪರೇ ಹೇಳಿದ ಮೇಲೆ ಮುಗಿಯಿತು, ಕ್ಯಾಥೊಲಿಕನಾದವನು ಎದುರಾಡುವಂತಿಲ್ಲ" ಎಂದು ನಮ್ಮಲ್ಲಿ ಬಲ್ಲವರೂ ಹೇಳುವುದುಂಟು. ಕನ್ನಡದ ಕ್ಯಾಥೊಲಿಕರು ಪೋಪರನ್ನು ಜಗದ್ಗುರುಗಳೆಂದು ಕರೆಯುವುದರಿಂದ ಈ ಭಾವನೆ ಇನ್ನಷ್ಟು ಗಟ್ಟಿಯಾಗಿದೆಯೋ ಏನೋ.

1870ರಲ್ಲಿ ಮೊದಲನೆಯ ವ್ಯಾಟಿಕನ್ ಮಹಾಸಭೆ ಪೋಪರ ಮಾತು ತಪ್ಪಲಾರದೆಂದು ಸಾರಿದ್ದು ನಿಜ. ಆದರೆ ಯಾವ ಮಾತು? ಶ್ರದ್ಧೆ ಅಥವಾ ನೀತಿಯ ವಿಷಯವಾಗಿ, ಇಡೀ ಧರ್ಮಸಭೆಯ ಗುರುವೆಂಬ ಅಧಿಕಾರದಿಂದ, ಎಲ್ಲರೂ ನಂಬತಕ್ಕದ್ದೆಂದು ನಿರ್ಣಯಿಸಿ ನುಡಿದದ್ದು ಮಾತ್ರ. ಆಮೇಲೆ ಈ ಅಧಿಕಾರ ನಿಸ್ಸಂದೇಹವಾಗಿ ಚಲಾವಣೆಯಾದದ್ದು ಒಂದೇ ಸಲ, 1950ರಲ್ಲಿ, ಮಾತೆ ಮರಿಯಮ್ಮನವರು ದೇಹಸಹಿತ ಸ್ವರ್ಗಕ್ಕೆ ಸೇರಿದರೆಂದು ಹನ್ನೆರಡನೆಯ ಪಿಯುಸ್ ಘೋಷಿಸಿದಾಗ. ನಮ್ಮ ಮೀಮಾಂಸಕರಿಗೆ ಇಂಥ ವಿಂಗಡಣೆ ಹೊಸದೆನಿಸುತ್ತಿರಲಿಲ್ಲ. ವೇದವೆಲ್ಲ ಪ್ರಮಾಣವೆಂದವರೇ ಅದರೊಳಗೆ ವಿಧಿ ಯಾವುದು, ಅರ್ಥವಾದ ಯಾವುದು ಎಂದು ಬೇರ್ಪಡಿಸಿ ನೋಡಿದರು. ಅದರಿಂದ ವೇದದ ಗೌರವವೇನೂ ಕುಂದಲಿಲ್ಲ.

ಹಾಗಾದರೆ ಉಳಿದ ಬೋಧನೆಯೆಲ್ಲ ಬರಿಯ ಸಲಹೆಯೆ? ಅದೂ ಅಲ್ಲ. ಅಂಥದಕ್ಕೂ ಬುದ್ಧಿ ಮನಸ್ಸುಗಳ ವಿಧೇಯತೆ ಸಲ್ಲಬೇಕೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1964ರಲ್ಲಿ ಹೇಳಿತು. ನಾಲ್ಕೇ ವರ್ಷಕ್ಕೆ ಪರೀಕ್ಷೆ ಬಂತು. ಕೃತಕ ಸಂತಾನನಿಯಂತ್ರಣ ಸಲ್ಲದೆಂದು ಆರನೆಯ ಪೌಲರು 1968ರಲ್ಲಿ ಪತ್ರ ಹೊರಡಿಸಿದರು. ಪತ್ರಕರ್ತರ ಮುಂದೆ ಅದನ್ನು ಮಂಡಿಸಿದ ಪಾದ್ರಿಯೇ ಇದು ತಪ್ಪಲಾರದ ನಿರ್ಣಯವಲ್ಲವೆಂದರು. ಎಷ್ಟೋ ದಂಪತಿಗಳು ಅಷ್ಟನ್ನೇ ಹಿಡಿದುಕೊಂಡರು. ಕೆಲವರು ಪತ್ರವನ್ನು ಓದಿ, ಅತ್ತು, ಪ್ರಾರ್ಥಿಸಿ ತಮ್ಮ ಅಂತಃಕರಣ ಹೇಳಿದಂತೆ ನಡೆದರು. ಹೊರಗಿನಿಂದ ನೋಡಿದರೆ ಎರಡೂ ಒಂದೇ ಬಗೆಯ ಅವಿಧೇಯತೆ. ನನಗೇನೋ ಹಾಗೆ ಕಾಣುವುದಿಲ್ಲ.

ಟಿ.ಬಿ. ಡ್ಯಾಂನಲ್ಲಿ ಕುಳಿತವನಿಗೆ ರೋಮಿನ ಗೊಡವೆ ಏಕೆಂದು ಓದುಗರು ಕೇಳಬಹುದು. ಸಂಡೂರಿನ ಗುಡ್ಡಗಳು ಇಲ್ಲಿಂದ ದೂರವಿಲ್ಲ. ಪರಿಸರಕ್ಕಾದ ಹಾನಿಯನ್ನು ಕಂಡು ಸುಪ್ರೀಂ ಕೋರ್ಟು 2011ರಲ್ಲಿ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. ಆಮೇಲೆ ಮಿತಿ ಹಾಕಿ ಬಿಟ್ಟಿತು. 2015ರಲ್ಲಿ ಪೋಪ್ ಫ್ರಾನ್ಸಿಸ್ ಭೂಮಿಯ ಪಾಲನೆಯನ್ನು ಕುರಿತು ಬರೆದ 'ಲೌದಾತೊ ಸೀ' ಪತ್ರವನ್ನು ಇಲ್ಲಿಯ ಒಬ್ಬ ಕ್ಯಾಥೊಲಿಕ್ ಅದಿರು ವ್ಯಾಪಾರಿ ಓದಿದನೆನ್ನೋಣ. ಅದು ತಪ್ಪಲಾರದ ನಿರ್ಣಯವಲ್ಲ. ವಿಜ್ಞಾನದ ಪ್ರಶ್ನೆಗಳನ್ನು ಧರ್ಮಸಭೆ ತೀರ್ಮಾನಿಸದೆಂದು ಅದರಲ್ಲೇ ಇದೆ. ಅಷ್ಟು ಓದಿ ಪತ್ರವನ್ನು ಮಡಿಚಿಟ್ಟರೆ ಅವನಿಗೆ ಯಾವ ಶಿಕ್ಷೆಯೂ ಇಲ್ಲ. ಆದರೆ ಮರಿಯಮ್ಮನವರ ಸ್ವರ್ಗಾರೋಹಣವನ್ನು ನಂಬುವುದಕ್ಕೆ ಅವನು ಒಂದು ಲಾರಿಯನ್ನೂ ನಿಲ್ಲಿಸಬೇಕಾಗಿರಲಿಲ್ಲ. ಕಡಮೆ ಅಧಿಕಾರದ ಈ ಪತ್ರವನ್ನು ಒಪ್ಪಿದರೆ ಎಷ್ಟು ಲಾರಿ ನಿಲ್ಲಿಸಬೇಕು, ಅದರಿಂದ ಎಷ್ಟು ಜನ ಚಾಲಕರ ಮನೆಯ ಒಲೆ ಆರೀತು ಎಂಬುದನ್ನು ಅವನೇ ಕೂತು ಲೆಕ್ಕ ಹಾಕಬೇಕು. ಪೋಪರು ಆ ಲೆಕ್ಕವನ್ನು ಬರೆದು ಕಳಿಸಿಲ್ಲ.